ಕಾಲ, ದರ ಮತ್ತು ತೆರಿಗೆ: ಗಣಕಯಂತ್ರಕ್ಕೆ ಶುಲ್ಕದ ಲೆಕ್ಕ ಕಲಿಸುವ ಬಗೆ

ಪೀಠಿಕೆ

1990ರ ದಶಕದಲ್ಲಿ ಮುಂಬಯಿ ನಗರದಲ್ಲಿಯೂ ಅದರ ಉಪನಗರಗಳಲ್ಲಿಯೂ ರಾತ್ರಿ ಹನ್ನೊಂದರ ಸುಮಾರಿಗೆ ಸಾರ್ವಜನಿಕ ದೂರವಾಣಿ ಮಳಿಗೆಗಳ ಮುಂದೆ ಜನರು ಸಾಲುಗಟ್ಟಿ ನಿಲ್ಲುವುದು ಸಾಮಾನ್ಯ ದೃಶ್ಯವಾಗಿತ್ತು. ಎಸ್‌ಟಿಡಿ, ಐಎಸ್‌ಡಿ, ಪಿಸಿಒ ಎಂದು ಬರೆದ ಹಳದಿ ಫಲಕಗಳು ಫೋರ್ಟಿನ ಓಣಿಗಳಿಂದ ಮಾಟುಂಗಾ, ಅಂಧೇರಿ, ಘಾಟ್ಕೋಪರ್‌ಗಳವರೆಗೆ ಎಲ್ಲೆಲ್ಲೂ ಕಾಣುತ್ತಿದ್ದವು. ರಾತ್ರಿ 11ರ ನಂತರ ದೂರದ ಊರಿನ ಕರೆಗೆ ಹಗಲಿನ ದರದ ಕಾಲುಭಾಗ ಮಾತ್ರ ತಗಲುತ್ತಿದ್ದುದೇ ಈ ಸಾಲಿಗೆ ಕಾರಣ. ಹೋಟೆಲಿನ ಕೆಲಸ ಮುಗಿಸಿ ಬಂದವರು, ರಾತ್ರಿ ಶಾಲೆಯ ಪಾಠ ಮುಗಿಸಿದ ಹುಡುಗರು, ಉಡುಪಿ, ಕುಂದಾಪುರ, ಕಾರ್ಕಳ, ಕಾಸರಗೋಡುಗಳಲ್ಲಿದ್ದ ಮನೆಯವರೊಡನೆ ಎರಡು ಮಾತನಾಡಲು ಗಡಿಯಾರ ನೋಡುತ್ತ ಕಾದಿರುತ್ತಿದ್ದರು. ಮಾತನಾಡುವಾಗಲೂ ಕಣ್ಣು ಎದುರಿನ ಯಂತ್ರದಲ್ಲಿ ಏರುತ್ತಿದ್ದ ಕೆಂಪು ಅಂಕಿಗಳ ಮೇಲೆ ಇರುತ್ತಿತ್ತು. ಕರೆ ಮುಗಿದೊಡನೆ ಯಂತ್ರವು ಒಂದು ಚೀಟಿಯನ್ನು ಮುದ್ರಿಸಿ ಕೊಡುತ್ತಿತ್ತು. ಆ ಚೀಟಿಯಲ್ಲಿದ್ದ ಮೊತ್ತವನ್ನು ಎಣಿಸಿ ಕೊಟ್ಟು ಜನರು ಹೊರಡುತ್ತಿದ್ದರು.

ಚೀಟಿಯ ಮೊತ್ತ ಸರಿಯೆಂದು ಅವರು ನಂಬಿದ್ದರು. ನಂಬದೆ ಬೇರೆ ದಾರಿಯೂ ಇರಲಿಲ್ಲ. ಯಂತ್ರದ ಒಳಗೆ ಯಾರೋ ಒಬ್ಬರು ಮೊದಲೇ ಬರೆದಿಟ್ಟಿದ್ದ ಸೂಚನೆಗಳ ಸರಣಿಯೇ ಆ ಲೆಕ್ಕವನ್ನು ಮಾಡುತ್ತಿತ್ತು. ಇಂತಹ ಸೂಚನೆಗಳ ಸರಣಿಗೆ ಕ್ರಮವಿಧಿ ಅಥವಾ ಪ್ರೋಗ್ರಾಂ ಎಂದು ಹೆಸರು. ಎಷ್ಟು ಹೊತ್ತು, ಯಾವ ದರ, ಎಷ್ಟು ತೆರಿಗೆ ಎಂಬ ಮೂರು ಸಂಗತಿಗಳಿಂದ ಒಂದು ಮೊತ್ತವನ್ನು ಪಡೆಯುವುದು ಗಣಕಯಂತ್ರವನ್ನು ಹೊಸದಾಗಿ ಕಲಿಯುವವರಿಗೆ ಕೊಡುವ ಮೊದಲ ಪಾಠಗಳಲ್ಲಿ ಒಂದು. ಮೇಲುನೋಟಕ್ಕೆ ಇದು ಐದನೆಯ ತರಗತಿಯ ಗುಣಾಕಾರದಂತೆ ತೋರುತ್ತದೆ. ಆದರೆ ಈ ಲೆಕ್ಕದಲ್ಲಿ ಗುಣಾಕಾರ ಸುಲಭ. ನಿಯಮವನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಬರೆಯುವುದು ಕಷ್ಟ. ನಿಯಮದಲ್ಲಿ ಉಳಿದ ಸಣ್ಣ ಸಂದೇಹವೂ ಯಾರದೋ ಜೇಬಿನಿಂದ ಹಣವಾಗಿ ಹೊರಬರುತ್ತದೆ. ಈ ಪಾಠದ ಉದ್ದೇಶ ಅದನ್ನು ಹಂತಹಂತವಾಗಿ ತಿಳಿಸುವುದಾಗಿದೆ.

ಮುಂಬಯಿ ಮತ್ತು ಗಣಕಯಂತ್ರ

ಈ ಪಾಠಕ್ಕೆ ಮುಂಬಯಿ ತಕ್ಕ ಸ್ಥಳವೂ ಹೌದು. ಭಾರತದಲ್ಲಿಯೇ ರೂಪುಗೊಂಡ ಮೊದಲ ತಲೆಮಾರಿನ ವಿದ್ಯುನ್ಮಾನ ಗಣಕಯಂತ್ರಗಳಲ್ಲಿ ಪ್ರಮುಖವಾದ ಟಿಐಎಫ್‌ಆರ್‌ಎಸಿ ಈ ನಗರದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕಾರ್ಯಾರಂಭ ಮಾಡಿತು. ಪವಾಯಿಯಲ್ಲಿ ಭಾರತೀಯ ತಂತ್ರಜ್ಞಾನ ಸಂಸ್ಥೆ 1958ರಲ್ಲಿ ಸ್ಥಾಪನೆಯಾಯಿತು. ನಗರದ ದೂರವಾಣಿ ವ್ಯವಸ್ಥೆಯ ಹೊಣೆಯನ್ನು 1986ರಲ್ಲಿ ಮಹಾನಗರ ಟೆಲಿಫೋನ್ ನಿಗಮ ವಹಿಸಿಕೊಂಡಿತು. ಸಂಶೋಧನಾಲಯದ ದೊಡ್ಡ ಯಂತ್ರದಿಂದ ಬೀದಿ ಮೂಲೆಯ ಮಳಿಗೆಯ ಪುಟ್ಟ ಯಂತ್ರದವರೆಗೆ ಎಲ್ಲವೂ ನಡೆಯುವುದು ಒಂದೇ ತತ್ತ್ವದ ಮೇಲೆ: ಬರೆದು ಕೊಟ್ಟ ಸೂಚನೆಯನ್ನು ಯಂತ್ರ ಅಕ್ಷರಶಃ ಪಾಲಿಸುತ್ತದೆ, ಬರೆಯದೆ ಬಿಟ್ಟುದನ್ನು ಅದು ಊಹಿಸಲಾರದು.

ಮೊದಲ ಹಂತ: ಕಾಲವನ್ನು ಸೆಕೆಂಡುಗಳಿಗೆ ತರುವುದು

ಒಂದು ಕರೆ ರಾತ್ರಿ 10 ಗಂಟೆ 58 ನಿಮಿಷಕ್ಕೆ ಪ್ರಾರಂಭವಾಗಿ 11 ಗಂಟೆ 5 ನಿಮಿಷಕ್ಕೆ ಮುಗಿಯಿತೆಂದು ಭಾವಿಸಬಹುದು. ಕಲಿಯುವವರು ಅನೇಕ ವೇಳೆ ಇದನ್ನು 10.58 ಮತ್ತು 11.05 ಎಂದು ಬರೆದುಕೊಂಡು ಕಳೆಯುತ್ತಾರೆ. ಉತ್ತರ 0.47 ಎಂದು ಬರುತ್ತದೆ. ಮಾತನಾಡಿದ್ದು ಏಳು ನಿಮಿಷ. ಯಂತ್ರ ಹೇಳುವುದು ನಲವತ್ತೇಳು. ದಶಮಾಂಶ ಪದ್ಧತಿಯಲ್ಲಿ ನೂರಕ್ಕೆ ಒಂದು ಪೂರ್ಣವಾಗುತ್ತದೆ, ಗಡಿಯಾರದಲ್ಲಿ ಅರವತ್ತಕ್ಕೆ. ಎರಡು ಬೇರೆ ಅಳತೆಗಳನ್ನು ಒಂದೆಂದು ಎಣಿಸಿದ್ದೇ ಇಲ್ಲಿಯ ದೋಷ.

ಆದುದರಿಂದ ಮೊಟ್ಟಮೊದಲು ಗಡಿಯಾರದ ಹೊತ್ತನ್ನು ನಡುರಾತ್ರಿಯಿಂದ ಕಳೆದ ಸೆಕೆಂಡುಗಳಾಗಿ ಪರಿವರ್ತಿಸಬೇಕು. ಗಂಟೆಯನ್ನು 3600ರಿಂದಲೂ ನಿಮಿಷವನ್ನು 60ರಿಂದಲೂ ಗುಣಿಸಿ, ಉಳಿದ ಸೆಕೆಂಡುಗಳನ್ನು ಕೂಡಿಸಿದರೆ ಸಾಕು. ಬಳಿಕ ಅಂತ್ಯದಿಂದ ಆರಂಭವನ್ನು ಕಳೆಯಬೇಕು.

ಇಲ್ಲಿ ಇನ್ನೊಂದು ತೊಡಕು ಕಾದಿರುತ್ತದೆ. ರಾತ್ರಿ 11 ಗಂಟೆ 58 ನಿಮಿಷ 10 ಸೆಕೆಂಡಿಗೆ ಪ್ರಾರಂಭವಾದ ಕರೆ ನಡುರಾತ್ರಿ ಕಳೆದು 1 ನಿಮಿಷ 15 ಸೆಕೆಂಡಿಗೆ ಮುಗಿದರೆ, ಆರಂಭದ ಹೊತ್ತು 86,290 ಸೆಕೆಂಡು, ಅಂತ್ಯದ ಹೊತ್ತು ಕೇವಲ 75 ಸೆಕೆಂಡು. ಕಳೆದಾಗ ಬರುವುದು ಋಣಸಂಖ್ಯೆ. ಅದನ್ನು ಹಾಗೆಯೇ ಮುಂದಿನ ಹಂತಕ್ಕೆ ಬಿಟ್ಟರೆ ಮಳಿಗೆಯವನೇ ಗಿರಾಕಿಗೆ ಹಣ ಕೊಡಬೇಕಾದೀತು. ಅಂತ್ಯವು ಆರಂಭಕ್ಕಿಂತ ಕಡಮೆಯಾಗಿದ್ದರೆ ಒಂದು ದಿನದ 86,400 ಸೆಕೆಂಡುಗಳನ್ನು ಕೂಡಿಸಬೇಕು ಎಂಬ ಒಂದು ಸೂಚನೆಯಿಂದ ಈ ದೋಷ ನಿವಾರಣೆಯಾಗುತ್ತದೆ. ಈ ಉದಾಹರಣೆಯಲ್ಲಿ ಕರೆಯ ಅವಧಿ 185 ಸೆಕೆಂಡು, ಅಂದರೆ 3 ನಿಮಿಷ 5 ಸೆಕೆಂಡು.

ಎರಡನೆಯ ಹಂತ: ಅವಧಿಯನ್ನು ಏಕಮಾನಗಳಾಗಿ ವಿಂಗಡಿಸುವುದು

ಆ ಕಾಲದ ದೂರವಾಣಿ ಶುಲ್ಕದ ವಿಧಾನ ಸ್ವಾರಸ್ಯವಾದುದು. ಒಂದು ಏಕಮಾನದ ಬೆಲೆ ಬದಲಾಗುತ್ತಿರಲಿಲ್ಲ. ಆ ಬೆಲೆಗೆ ದೊರೆಯುವ ಕಾಲ ಬದಲಾಗುತ್ತಿತ್ತು. ಊರು ದೂರವಾದಷ್ಟೂ ಏಕಮಾನದ ಅವಧಿ ಕಿರಿದಾಗುತ್ತಿತ್ತು. ರಾತ್ರಿಯ ರಿಯಾಯಿತಿಯ ವೇಳೆಯಲ್ಲಿ ಅದು ಹಿಗ್ಗುತ್ತಿತ್ತು. ಕಾಲುದರವೆಂದರೆ ಅದೇ ಹಣಕ್ಕೆ ನಾಲ್ಕು ಪಟ್ಟು ಕಾಲವೆಂದು ಅರ್ಥ.

ಲೆಕ್ಕದ ಅನುಕೂಲಕ್ಕಾಗಿ ಒಂದು ಏಕಮಾನಕ್ಕೆ 120 ಪೈಸೆ, ಹಗಲಿನಲ್ಲಿ ಅದರ ಅವಧಿ 4 ಸೆಕೆಂಡು, ಕಾಲುದರದ ವೇಳೆಯಲ್ಲಿ 16 ಸೆಕೆಂಡು ಎಂದು ಇಟ್ಟುಕೊಳ್ಳಬಹುದು. 185ನ್ನು 16ರಿಂದ ಭಾಗಿಸಿದರೆ ಭಾಗಲಬ್ಧ 11, ಶೇಷ 9. ಹನ್ನೆರಡನೆಯ ಏಕಮಾನ ಪ್ರಾರಂಭವಾಗಿರುವುದರಿಂದ ಅದಕ್ಕೂ ಪೂರ್ಣ ಶುಲ್ಕ ತೆರಬೇಕು. ಆದುದರಿಂದ ಏಕಮಾನಗಳು 12.

ಇದನ್ನು ನೋಡಿದ ಕಲಿಯುವವರು ಭಾಗಲಬ್ಧಕ್ಕೆ ಯಾವಾಗಲೂ ಒಂದನ್ನು ಕೂಡಿಸಿದರಾಯಿತೆಂದು ಭಾವಿಸುವುದುಂಟು. ಕರೆ ಸರಿಯಾಗಿ 176 ಸೆಕೆಂಡುಗಳಿಗೆ ಮುಗಿದಿದ್ದರೆ ಈ ವಿಧಾನ ತಪ್ಪುತ್ತದೆ. ಅಲ್ಲಿ ಶೇಷವಿಲ್ಲ, ಏಕಮಾನಗಳು 11 ಮಾತ್ರ. ಎರಡು ಸಂದರ್ಭಗಳಿಗೂ ಸರಿಹೊಂದುವ ಯುಕ್ತಿ ಹೀಗಿದೆ: ಅವಧಿಗೆ ಏಕಮಾನದ ಅವಧಿಗಿಂತ ಒಂದು ಕಡಮೆ ಸಂಖ್ಯೆಯನ್ನು ಕೂಡಿಸಿ, ಬಳಿಕ ಭಾಗಿಸಿ, ಶೇಷವನ್ನು ಬಿಟ್ಟುಬಿಡಬೇಕು. 185ಕ್ಕೆ 15 ಕೂಡಿಸಿದರೆ 200, ಭಾಗಲಬ್ಧ 12. 176ಕ್ಕೆ 15 ಕೂಡಿಸಿದರೆ 191; ಭಾಗಲಬ್ಧ 11. 177ಕ್ಕೆ ಕೂಡಿಸಿದರೆ 192; ಭಾಗಲಬ್ಧ 12. ಎಲ್ಲೆಯ ಹಿಂದಿನ, ಎಲ್ಲೆಯ ಮೇಲಿನ ಹಾಗೂ ಎಲ್ಲೆಯ ಮುಂದಿನ ಸಂಖ್ಯೆಗಳನ್ನು ಹೀಗೆ ಪರೀಕ್ಷಿಸುವುದು ಕ್ರಮವಿಧಿ ರಚಿಸುವವರು ರೂಢಿಸಿಕೊಳ್ಳಬೇಕಾದ ಒಳ್ಳೆಯ ಅಭ್ಯಾಸ.

ಶೇಷದ ಸೆಕೆಂಡುಗಳಿಗೂ ಪೂರ್ಣ ಏಕಮಾನದ ಹಣ ಕೊಡುವುದು ಸಣ್ಣ ಸಂಗತಿಯೆಂದು ತೋರಬಹುದು. ಒಂದು ನಿಮಿಷವೇ ಏಕಮಾನವಾಗಿದ್ದರೆ 61 ಸೆಕೆಂಡು ಮಾತನಾಡಿದವರು ಎರಡು ನಿಮಿಷದ ಹಣ ತೆರುತ್ತಾರೆ. 2009ರಲ್ಲಿ ಭಾರತದ ಸಂಚಾರಿ ದೂರವಾಣಿ ಸೇವೆಗಳಲ್ಲಿ ಸೆಕೆಂಡಿಗೆ ಇಷ್ಟು ಎಂಬ ಶುಲ್ಕ ಬಳಕೆಗೆ ಬಂದಾಗ ಜನರು ಅದನ್ನು ಸ್ವಾಗತಿಸಿದುದಕ್ಕೆ ಇದೇ ಕಾರಣ. ಏಕಮಾನ ಚಿಕ್ಕದಾದಷ್ಟೂ ಆಡದ ಮಾತಿಗೆ ಕೊಡುವ ಹಣ ಕಡಮೆಯಾಗುತ್ತದೆ.

ಹನ್ನೊಂದು ಗಂಟೆಯ ಎಲ್ಲೆ

ಸಾಲಿನಲ್ಲಿ ನಿಂತವರಿಗೆ ನಿಜವಾಗಿ ಮುಖ್ಯವಾಗಿದ್ದುದು ಹನ್ನೊಂದರ ಎಲ್ಲೆ. 10 ಗಂಟೆ 58 ನಿಮಿಷ 20 ಸೆಕೆಂಡಿಗೆ ಪ್ರಾರಂಭವಾದ ಕರೆ 11 ಗಂಟೆ 1 ನಿಮಿಷ 25 ಸೆಕೆಂಡಿಗೆ ಮುಗಿಯಿತೆನ್ನಬಹುದು. ಇದೂ 185 ಸೆಕೆಂಡುಗಳ ಕರೆಯೇ. ಹನ್ನೊಂದಕ್ಕೆ ಮೊದಲು ಏಕಮಾನದ ಅವಧಿ 8 ಸೆಕೆಂಡು, ಅನಂತರ 16 ಸೆಕೆಂಡು ಎಂದು ಉದಾಹರಣೆಗಾಗಿ ಇಟ್ಟುಕೊಂಡರೆ ಶುಲ್ಕವೆಷ್ಟು?

ಪ್ರಾರಂಭದ ಹೊತ್ತಿನ ದರವೇ ಇಡೀ ಕರೆಗೆ ಅನ್ವಯಿಸುವುದಾದರೆ 24 ಏಕಮಾನ, 28 ರೂಪಾಯಿ 80 ಪೈಸೆ. ಮುಗಿದ ಹೊತ್ತಿನ ದರ ಅನ್ವಯಿಸುವುದಾದರೆ 12 ಏಕಮಾನ, 14 ರೂಪಾಯಿ 40 ಪೈಸೆ. ಕರೆಯನ್ನು ಹನ್ನೊಂದಕ್ಕೆ ಸರಿಯಾಗಿ ಎರಡು ತುಂಡು ಮಾಡಿದರೆ ಮೊದಲ 100 ಸೆಕೆಂಡುಗಳಿಗೆ 13 ಏಕಮಾನ, ಉಳಿದ 85 ಸೆಕೆಂಡುಗಳಿಗೆ 6 ಏಕಮಾನ. ಒಟ್ಟು 19 ಏಕಮಾನ, 22 ರೂಪಾಯಿ 80 ಪೈಸೆ.

ಒಂದೇ ಕರೆ, ಒಂದೇ ಅವಧಿ, ಮೂರು ಮೊತ್ತಗಳು. ಮೂರರಲ್ಲಿ ಯಾವ ಲೆಕ್ಕದಲ್ಲಿಯೂ ಗಣಿತದ ತಪ್ಪಿಲ್ಲ. ‘ಹನ್ನೊಂದರ ನಂತರ ದರ ಕಡಮೆ’ ಎಂಬ ಮಾತು ಆಡುವವರಿಗೂ ಕೇಳುವವರಿಗೂ ಸ್ಪಷ್ಟವಾಗಿಯೇ ತೋರುತ್ತದೆ. ಅದನ್ನು ಯಂತ್ರಕ್ಕೆ ಬರೆದುಕೊಡಲು ಕುಳಿತಾಗಲೇ ಅದರೊಳಗೆ ಮೂರು ಅರ್ಥಗಳಿರುವುದು ತಿಳಿಯುತ್ತದೆ. ಯಾವ ಅರ್ಥವನ್ನು ಆರಿಸಬೇಕೆಂಬುದು ದರವನ್ನು ಗೊತ್ತುಪಡಿಸುವ ಅಧಿಕಾರಿಗಳ ತೀರ್ಮಾನ. ಅದನ್ನು ಕ್ರಮವಿಧಿ ಬರೆಯುವವರು ತಮ್ಮ ಮನಸ್ಸಿಗೆ ಬಂದಂತೆ ಪೂರೈಸಕೂಡದು. ಕೇಳಿ ತಿಳಿದು, ಉತ್ತರವನ್ನು ಬರಹದಲ್ಲಿ ಪಡೆಯಬೇಕು.

ಮೂರನೆಯ ಹಂತ: ತೆರಿಗೆ

ದೂರವಾಣಿ ಸೇವೆಯ ಮೇಲೆ ಸೇವಾ ತೆರಿಗೆ ಜಾರಿಗೆ ಬಂದುದು 1994ರ ಜುಲೈ 1ರಂದು. ಆ ವರ್ಷದ ಕೇಂದ್ರ ಆಯವ್ಯಯದಲ್ಲಿ ಹಣಕಾಸು ಸಚಿವ ಡಾ. ಮನಮೋಹನ ಸಿಂಗ್ ಅವರು ದೂರವಾಣಿ, ಸಾಮಾನ್ಯ ವಿಮೆ ಮತ್ತು ಷೇರು ದಲ್ಲಾಳಿ ಸೇವೆಗಳ ಮೇಲೆ ಶೇಕಡಾ 5ರ ತೆರಿಗೆಯನ್ನು ಸೂಚಿಸಿದ್ದರು. ಶೇಕಡಾ 5ರಂತೆ 14 ರೂಪಾಯಿ 40 ಪೈಸೆಗೆ ತೆರಿಗೆ 72 ಪೈಸೆ. ಒಟ್ಟು 15 ರೂಪಾಯಿ 12 ಪೈಸೆ.

ಹೊಸದಾಗಿ ಕಲಿಯುವವರು ಈ 5ನ್ನು ಕ್ರಮವಿಧಿಯ ನಡುವೆ ಎಲ್ಲೆಂದರಲ್ಲಿ ಅಂಕಿಯಾಗಿಯೇ ಬರೆದುಬಿಡುತ್ತಾರೆ. ಆ ದಿನದ ಮಟ್ಟಿಗೆ ಉತ್ತರ ಸರಿಯಾಗಿಯೇ ಬರುತ್ತದೆ. ಮುಂದೆ ನಡೆದುದೇನೆಂಬುದನ್ನು ಈ ಪಟ್ಟಿಯಲ್ಲಿ ನೋಡಬಹುದು. ಉಪಕರಗಳು ಸೇರಿದ ಒಟ್ಟು ದರಗಳನ್ನು ಇಲ್ಲಿ ಕೊಡಲಾಗಿದೆ.

1994 ಜುಲೈ 1ರಿಂದ: ಶೇಕಡಾ 5
2003 ಮೇ 14ರಿಂದ: ಶೇಕಡಾ 8
2004 ಸೆಪ್ಟೆಂಬರ್ 10ರಿಂದ: ಶೇಕಡಾ 10.2
2006 ಏಪ್ರಿಲ್ 18ರಿಂದ: ಶೇಕಡಾ 12.24
2007 ಮೇ 11ರಿಂದ: ಶೇಕಡಾ 12.36
2009 ಫೆಬ್ರವರಿ 24ರಿಂದ: ಶೇಕಡಾ 10.3
2012 ಏಪ್ರಿಲ್ 1ರಿಂದ: ಶೇಕಡಾ 12.36
2015 ಜೂನ್ 1ರಿಂದ: ಶೇಕಡಾ 14
2015 ನವೆಂಬರ್ 15ರಿಂದ: ಶೇಕಡಾ 14.5
2016 ಜೂನ್ 1ರಿಂದ: ಶೇಕಡಾ 15
2017 ಜುಲೈ 1ರಿಂದ: ಸೇವಾ ತೆರಿಗೆಯ ಸ್ಥಾನದಲ್ಲಿ ಸರಕು ಮತ್ತು ಸೇವಾ ತೆರಿಗೆ, ಶೇಕಡಾ 18

ಇಪ್ಪತ್ತಮೂರು ವರ್ಷಗಳಲ್ಲಿ ಹತ್ತು ಬದಲಾವಣೆಗಳು. ದರ ಏರಿದ್ದೂ ಉಂಟು, ಇಳಿದದ್ದೂ ಉಂಟು. 10.2 ಎಂಬ ವಿಚಿತ್ರ ಸಂಖ್ಯೆ ಬಂದ ಬಗೆಯೂ ಗಮನಾರ್ಹ. ಅದರಲ್ಲಿ ತೆರಿಗೆ ಶೇಕಡಾ 10. ಶಿಕ್ಷಣ ಉಪಕರ ಶೇಕಡಾ 2. ಆದರೆ ಆ ಎರಡು ಶುಲ್ಕದ ಮೇಲಲ್ಲ, ತೆರಿಗೆಯ ಮೇಲೆ. ಆದುದರಿಂದ ಸೇರುವುದು 0.2 ಮಾತ್ರ. ಎರಡನ್ನೂ ಶುಲ್ಕದ ಮೇಲೆಯೇ ಲೆಕ್ಕಹಾಕಿ 12 ಎಂದು ಕೂಡಿಸಿದ ಕ್ರಮವಿಧಿಯು ನೂರು ರೂಪಾಯಿಗೆ 1 ರೂಪಾಯಿ 80 ಪೈಸೆಯಂತೆ ಜನರಿಂದ ಹೆಚ್ಚಾಗಿ ಪಡೆಯುತ್ತದೆ. ‘ಯಾವುದರ ಮೇಲೆ ಶೇಕಡಾ’ ಎಂಬ ಪ್ರಶ್ನೆಯನ್ನು ಕೇಳದೆ ಶೇಕಡಾ ಲೆಕ್ಕ ಮಾಡಕೂಡದು.

ಪಟ್ಟಿ ತಿಳಿಸುವ ಪಾಠ ಸ್ಪಷ್ಟವಾಗಿದೆ. ಬದಲಾಗುವುದಕ್ಕೆ ಹೆಸರು ಕೊಡಬೇಕು. ಬೆಲೆಯನ್ನು ಒಂದೇ ಕಡೆ ಇಡಬೇಕು. ಕ್ರಮವಿಧಿಯ ಉದ್ದಕ್ಕೂ ‘ತೆರಿಗೆಯ ದರ’ ಎಂಬ ಹೆಸರನ್ನೇ ಬಳಸಿ, ದರವನ್ನು ದಿನಾಂಕ ಸಹಿತವಾದ ಪಟ್ಟಿಯಿಂದ ತೆಗೆದುಕೊಂಡರೆ, ದರ ಬದಲಾದಾಗ ಪಟ್ಟಿಗೆ ಒಂದು ಸಾಲು ಸೇರಿಸಿದರೆ ಸಾಕು. ಹಳೆಯ ಸಾಲುಗಳನ್ನು ಅಳಿಸಕೂಡದು. 2008ರ ಬಿಲ್ಲಿನ ಬಗ್ಗೆ ಇಂದು ತಕರಾರು ಬಂದರೆ ಅದನ್ನು 2008ರ ದರದಿಂದಲೇ ಪರಿಶೀಲಿಸಬೇಕಾಗುತ್ತದೆ.

ನಾಲ್ಕನೆಯ ಹಂತ: ಪೈಸೆಯ ಗೌರವ

ಹಣವನ್ನು ರೂಪಾಯಿಯ ದಶಮಾಂಶಗಳಾಗಿ ಗಣಕಯಂತ್ರದಲ್ಲಿ ಇಡುವುದು ಅಪಾಯಕರ. ಯಂತ್ರವು ಸಂಖ್ಯೆಗಳನ್ನು ದ್ವಿಮಾನ ಪದ್ಧತಿಯಲ್ಲಿ, ಅಂದರೆ ಸೊನ್ನೆ ಮತ್ತು ಒಂದುಗಳಲ್ಲಿ ಇಡುತ್ತದೆ. ಮೂರನೆಯ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಹೊರಟರೆ 0.333 ಎಂದು ಮುಗಿಯದೆ ಸಾಗುವಂತೆ, ಹತ್ತನೆಯ ಒಂದು ಭಾಗವನ್ನು ದ್ವಿಮಾನದಲ್ಲಿ ಬರೆದರೂ ಅದು ಮುಗಿಯುವುದಿಲ್ಲ. ಯಂತ್ರ ಅದನ್ನು ಎಲ್ಲಿಯೋ ಕತ್ತರಿಸಲೇಬೇಕು. ಹೀಗೆ ಉಳಿಯುವ ಅಣುಮಾತ್ರದ ದೋಷ ಸಾವಿರಾರು ಲೆಕ್ಕಗಳಲ್ಲಿ ಸೇರಿ ಒಂದು ಪೈಸೆಯಾಗಿ ಕಾಣಿಸಿಕೊಳ್ಳಬಹುದು. ಹಣವನ್ನು ಪೈಸೆಗಳಲ್ಲಿ, ಪೂರ್ಣಾಂಕವಾಗಿ ಇಟ್ಟರೆ ಈ ತೊಂದರೆ ಇಲ್ಲ. ತೆರಿಗೆಯ ದರವನ್ನು ಕೂಡ ಹತ್ತು ಸಾವಿರಕ್ಕೆ ಇಷ್ಟೆಂದು ಬರೆಯಬಹುದು, ಶೇಕಡಾ 12.36 ಎಂದರೆ 1236.

14 ರೂಪಾಯಿ 40 ಪೈಸೆಗೆ ಶೇಕಡಾ 12.36ರಂತೆ ತೆರಿಗೆ 177.984 ಪೈಸೆ. ಇದನ್ನು ಸಮೀಪದ ಪೈಸೆಗೆ ತಂದರೆ 178. ಆದರೆ ಹೀಗೆ ಸರಿಹೊಂದಿಸುವುದು ಯಾವಾಗ ಎಂಬುದು ಮತ್ತೆ ನಿಯಮದ ಪ್ರಶ್ನೆ. ಒಂದೊಂದು ಏಕಮಾನದ ನೂರು ಕರೆಗಳಿದ್ದರೆ ಪ್ರತಿ ಕರೆಯ ತೆರಿಗೆ 14.832 ಪೈಸೆ. ಪ್ರತಿ ಕರೆಗೂ ಸಮೀಪದ ಪೈಸೆಗೆ ಸರಿಹೊಂದಿಸಿದರೆ ಒಟ್ಟು 15 ರೂಪಾಯಿ. ಒಟ್ಟು ಮೊತ್ತಕ್ಕೆ ಒಮ್ಮೆ ಮಾತ್ರ ಸರಿಹೊಂದಿಸಿದರೆ 14 ರೂಪಾಯಿ 83 ಪೈಸೆ. ಪ್ರತಿ ಕರೆಯ ತೆರಿಗೆಯನ್ನು ಮುಂದಿನ ರೂಪಾಯಿಗೇ ಏರಿಸುವ ಕ್ರಮವಿಧಿಯಿದ್ದರೆ ಅದೇ ನೂರು ಕರೆಗಳಿಗೆ ತೆರಿಗೆ 100 ರೂಪಾಯಿಯಾಗುತ್ತದೆ! ಭಾರತದಲ್ಲಿ 25 ಪೈಸೆ ಮತ್ತು ಅದಕ್ಕಿಂತ ಕಡಮೆ ಮೌಲ್ಯದ ನಾಣ್ಯಗಳ ಚಲಾವಣೆ 2011ರ ಜೂನ್ 30ರಂದು ಕೊನೆಗೊಂಡಿತು. ಕೈಯಲ್ಲಿ ಪೈಸೆಯ ನಾಣ್ಯವಿಲ್ಲದಿದ್ದರೂ ಲೆಕ್ಕದಲ್ಲಿ ಪೈಸೆ ಉಳಿಯಬೇಕು. ಅದನ್ನು ಕೊನೆಯಲ್ಲಿ ಒಮ್ಮೆ ಮಾತ್ರ ಸರಿಹೊಂದಿಸುವುದು ಗ್ರಾಹಕರಿಗೂ ಸರ್ಕಾರಕ್ಕೂ ನ್ಯಾಯ.

ಕ್ರಮವಿಧಿಯ ರೂಪ

ಈವರೆಗಿನ ವಿವೇಚನೆಯನ್ನು ಕೂಡಿಸಿದರೆ ಒಂದೇ ದರದ ಅವಧಿಯೊಳಗೆ ಮುಗಿಯುವ ಕರೆಗೆ ಕ್ರಮವಿಧಿ ಹೀಗಾಗುತ್ತದೆ. ಯಾವ ಗಣಕ ಭಾಷೆಯಲ್ಲಿ ಬರೆದರೂ ಹಂತಗಳು ಇವೇ.

1. ಆರಂಭ, ಅಂತ್ಯ ಮತ್ತು ದಿನಾಂಕಗಳನ್ನು ಓದು.
2. ಆರಂಭವನ್ನೂ ಅಂತ್ಯವನ್ನೂ ಸೆಕೆಂಡುಗಳಿಗೆ ಪರಿವರ್ತಿಸು.
3. ಅವಧಿ = ಅಂತ್ಯ − ಆರಂಭ.
4. ಅವಧಿ ಸೊನ್ನೆಗಿಂತ ಕಡಮೆಯಿದ್ದರೆ, ಅವಧಿ = ಅವಧಿ + 86400.
5. ಆರಂಭದ ಹೊತ್ತಿಗೆ ತಕ್ಕ ಏಕಮಾನದ ಅವಧಿಯನ್ನು ದರಪಟ್ಟಿಯಿಂದ ತೆಗೆದುಕೋ.
6. ಏಕಮಾನಗಳು = (ಅವಧಿ + ಏಕಮಾನದ ಅವಧಿ − 1) ÷ ಏಕಮಾನದ ಅವಧಿ; ಶೇಷವನ್ನು ಬಿಡು.
7. ಶುಲ್ಕ = ಏಕಮಾನಗಳು × ಏಕಮಾನದ ಬೆಲೆ, ಪೈಸೆಗಳಲ್ಲಿ.
8. ದಿನಾಂಕಕ್ಕೆ ತಕ್ಕ ತೆರಿಗೆಯ ದರವನ್ನು ತೆರಿಗೆಯ ಪಟ್ಟಿಯಿಂದ ತೆಗೆದುಕೋ.
9. ತೆರಿಗೆ = (ಶುಲ್ಕ × ತೆರಿಗೆಯ ದರ + 5000) ÷ 10000; ಶೇಷವನ್ನು ಬಿಡು.
10. ಅವಧಿ, ಏಕಮಾನಗಳು, ಶುಲ್ಕ, ತೆರಿಗೆ ಮತ್ತು ಒಟ್ಟು ಮೊತ್ತವನ್ನು ಬೇರೆಬೇರೆಯಾಗಿ ಮುದ್ರಿಸು.

ಒಂಬತ್ತನೆಯ ಹಂತದಲ್ಲಿ 5000 ಕೂಡಿಸಿರುವುದು ಅರ್ಧ ಪೈಸೆ ಅಥವಾ ಅದಕ್ಕಿಂತ ಹೆಚ್ಚಿನ ಭಾಗವನ್ನು ಪೂರ್ಣ ಪೈಸೆಗೆ ಏರಿಸುವ ಸಲುವಾಗಿ. ಹತ್ತನೆಯ ಹಂತವನ್ನು ಹಗುರವಾಗಿ ಎಣಿಸಬಾರದು. ಒಟ್ಟು ಮೊತ್ತವನ್ನಷ್ಟೇ ಮುದ್ರಿಸುವ ಚೀಟಿಯನ್ನು ಯಾರೂ ಪರಿಶೀಲಿಸಲಾರರು. ಪ್ರತಿಯೊಂದು ಅಂಕಿಯನ್ನೂ ತೋರಿಸುವ ಚೀಟಿಯನ್ನು ಹಿಡಿದವರು ಪೆನ್ಸಿಲು ಹಿಡಿದು ತಾವೇ ಲೆಕ್ಕ ಮಾಡಿ ನೋಡಬಲ್ಲರು.

ಅಭ್ಯಾಸಕ್ಕಾಗಿ

ದೂರದೂರಿನ ಕರೆಗೆ ರಾತ್ರಿಯ ಸಾಲು ಈಗ ಇತಿಹಾಸ. ಆದರೆ ಕಾಲಕ್ಕೆ ಅಥವಾ ದೂರಕ್ಕೆ ತಕ್ಕಂತೆ ಹಣ ಕೊಡುವ ಸಂದರ್ಭಗಳು ಮುಂಬಯಿಯಲ್ಲಿ ಹೆಚ್ಚೇ ಆಗಿವೆ. 2025ರ ಫೆಬ್ರವರಿ 1ರಂದು ಜಾರಿಗೆ ಬಂದ ದರದ ಪ್ರಕಾರ ಆಟೋರಿಕ್ಷಾದಲ್ಲಿ ಮೊದಲ ಒಂದೂವರೆ ಕಿಲೋಮೀಟರಿಗೆ 26 ರೂಪಾಯಿ, ಬಳಿಕ ಪ್ರತಿ ಕಿಲೋಮೀಟರಿಗೆ 17 ರೂಪಾಯಿ 14 ಪೈಸೆ. ಈ ಎರಡನೆಯ ದರವನ್ನು ಒಂದೂವರೆಯಿಂದ ಗುಣಿಸಿದರೆ 25 ರೂಪಾಯಿ 71 ಪೈಸೆ ಬರುತ್ತದೆ. 26 ಎಂಬುದು ಅದನ್ನೇ ಸಮೀಪದ ರೂಪಾಯಿಗೆ ತಂದ ಮೊತ್ತ. ನಡುರಾತ್ರಿಯಿಂದ ಮುಂಜಾನೆ 5ರವರೆಗೆ ಕಾಲುಭಾಗ ಹೆಚ್ಚು.

ನಿಲುಗಡೆಯ ಕಾಲವನ್ನು ಬಿಟ್ಟು, ರಾತ್ರಿ ಒಂದು ಗಂಟೆಗೆ 8 ಕಿಲೋಮೀಟರು ಪ್ರಯಾಣಿಸಿದವರ ಬಾಡಿಗೆಯನ್ನು ಎರಡು ರೀತಿಯಲ್ಲಿ ಲೆಕ್ಕ ಮಾಡಿ ನೋಡಬಹುದು. ಹಗಲಿನ ಬಾಡಿಗೆ 137 ರೂಪಾಯಿ 41 ಪೈಸೆ. ಮೊದಲು ಅದನ್ನು ರೂಪಾಯಿಗೆ ತಂದು, ಬಳಿಕ ಕಾಲುಭಾಗ ಕೂಡಿಸಿ, ಮತ್ತೆ ರೂಪಾಯಿಗೆ ತಂದರೆ 171. ಮೊದಲು ಕಾಲುಭಾಗ ಕೂಡಿಸಿ, ಬಳಿಕ ಒಮ್ಮೆ ಮಾತ್ರ ರೂಪಾಯಿಗೆ ತಂದರೆ 172. ಒಂದು ರೂಪಾಯಿಯ ಈ ಅಂತರ ಎಲ್ಲಿಂದ ಬಂತೆಂಬುದನ್ನು ವಿವರಿಸಬಲ್ಲವರಿಗೆ ಈ ಪಾಠ ಮನದಟ್ಟಾಗಿದೆಯೆಂದು ತಿಳಿಯಬಹುದು. ಅನಂತರ ಹನ್ನೊಂದರ ಎಲ್ಲೆಯನ್ನು ದಾಟುವ ಕರೆಯನ್ನು ಎರಡು ತುಂಡುಗಳಾಗಿ ಲೆಕ್ಕಹಾಕುವ ಹಂತಗಳನ್ನು ಮೇಲಿನ ಕ್ರಮವಿಧಿಗೆ ಸೇರಿಸಲು ಪ್ರಯತ್ನಿಸಬಹುದು.

ಉಪಸಂಹಾರ

ಶುಲ್ಕದ ಲೆಕ್ಕ ಮಾಡುವ ಯಂತ್ರ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಅದಕ್ಕೆ ಬರೆದುಕೊಟ್ಟ ನಿಯಮ ಪಕ್ಷ ವಹಿಸಬಲ್ಲದು. ದಿನವಿಡೀ ದುಡಿದು, ಹನ್ನೊಂದಾಗಲೆಂದು ಕಾದು, ಊರಿನ ತಾಯಿಯೊಡನೆ ಮೂರು ನಿಮಿಷ ಮಾತನಾಡಿದ ಹುಡುಗನಿಗೆ 14 ರೂಪಾಯಿ 40 ಪೈಸೆಗೂ 28 ರೂಪಾಯಿ 80 ಪೈಸೆಗೂ ಇದ್ದ ಅಂತರ ಇನ್ನೊಂದು ಕರೆಯಷ್ಟು ದೊಡ್ಡದು. ಕ್ರಮವಿಧಿ ರಚನೆಯನ್ನು ಕಲಿಯುವವರು ಆ ಹುಡುಗನ ಕೈಯಲ್ಲಿದ್ದ ಚೀಟಿಯನ್ನು ನೆನಪಿನಲ್ಲಿಟ್ಟುಕೊಂಡು ನಿಯಮಗಳನ್ನು ಬರೆಯಬೇಕು. ಗಣಕಯಂತ್ರವನ್ನು ಎಂದೂ ಮುಟ್ಟದವರು ಕೂಡ ತಮ್ಮ ಕೈಗೆ ಬಂದ ಬಿಲ್ಲಿನಲ್ಲಿ ಕಾಲವೆಷ್ಟು, ದರವೆಷ್ಟು, ತೆರಿಗೆ ಯಾವುದರ ಮೇಲೆ ಎಂಬ ಮೂರು ಪ್ರಶ್ನೆಗಳನ್ನು ಕೇಳಬಲ್ಲರು.